ದೊಡ್ಡ ಸಂಸ್ಥೆಗಳ ಕೆಲಸಕ್ಕೆ ಮುಕ್ತ ತಂತ್ರಾಂಶ: ಹುಡುಕುವುದೆಂತು, ಆರಿಸುವುದೆಂತು?

ಪುಣೆ ನಗರವು ಮೊದಲು ವಿದ್ಯಾಸಂಸ್ಥೆಗಳಿಗೂ ದಂಡುಪ್ರದೇಶಕ್ಕೂ, ಅನಂತರ ಪಿಂಪ್ರಿ-ಚಿಂಚವಡದ ಕಾರ್ಖಾನೆಗಳಿಗೂ ಹೆಸರಾಗಿತ್ತು. ೧೯೮೮ರಲ್ಲಿ ಸಿ-ಡ್ಯಾಕ್ ಎಂದು ಪ್ರಸಿದ್ಧವಾದ ಗಣಕ ಸಂಶೋಧನ ಕೇಂದ್ರವು ಇಲ್ಲಿ ಸ್ಥಾಪನೆಗೊಂಡಿತು. ೧೯೯೧ರಲ್ಲಿ ಡಾ. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ‘ಪರಮ್ ೮೦೦೦’ ಎಂಬ ಮಹಾಗಣಕವು ಅಲ್ಲಿಯೇ ಸಿದ್ಧವಾಯಿತು. ಮುಂದಿನ ದಶಕಗಳಲ್ಲಿ ಹಿಂಜವಡಿ, ಮಗರಪಟ್ಟಾ, ಖರಾಡಿಗಳಲ್ಲಿ ತಂತ್ರಾಂಶ ಸಂಸ್ಥೆಗಳು ಒಂದರ ಮಗ್ಗುಲಲ್ಲಿ ಒಂದು ತಲೆಯೆತ್ತಿದವು. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳಿಂದಲೂ ಕರಾವಳಿಯಿಂದಲೂ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಅನೇಕರು ಇಂದು ಈ ಸಂಸ್ಥೆಗಳಲ್ಲಿಯೇ ದುಡಿಯುತ್ತಿರುವರು.

ಇಂಥ ತರುಣರ ಮುಂದೆ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಬ್ಯಾಂಕು, ಕಾರ್ಖಾನೆ ಅಥವಾ ಆಸ್ಪತ್ರೆಯಂಥ ಸಂಸ್ಥೆಗೆ ತಂತ್ರಾಂಶವನ್ನು ರಚಿಸುವಾಗ, ಬೇಕಾದ ಉಪಕರಣಗಳನ್ನು ಹಣ ಕೊಟ್ಟು ಕೊಳ್ಳಬೇಕೆ, ಹೊಸದಾಗಿ ಬರೆಯಬೇಕೆ, ಅಥವಾ ಜಗತ್ತಿಗೆಲ್ಲ ತೆರೆದಿಟ್ಟಿರುವ ಮುಕ್ತ ತಂತ್ರಾಂಶಗಳಿಂದ ಆರಿಸಿಕೊಳ್ಳಬೇಕೆ? ಸಹಕಾರಿ ಸಂಘವನ್ನೋ ಶಾಲೆಯನ್ನೋ ಚಿಕ್ಕ ಶುಶ್ರೂಷಾಲಯವನ್ನೋ ನಡೆಸುವ ಹಿರಿಯರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಆರೋಗ್ಯ ವಿಷಯಕ ಲೇಖನಗಳ ನಡುವೆ ಇದಕ್ಕೇನು ಸ್ಥಾನವೆಂದು ವಾಚಕರು ಕೇಳಬಹುದು. ಇಂದಿನ ಆಸ್ಪತ್ರೆಯಲ್ಲಿ ರೋಗಿಯ ಚೀಟಿ, ರಕ್ತಪರೀಕ್ಷೆಯ ಫಲಿತಾಂಶ, ಔಷಧದ ದಾಸ್ತಾನು, ಬಿಲ್ಲು ಎಲ್ಲವೂ ತಂತ್ರಾಂಶದ ಮೂಲಕವೇ ಸಾಗುತ್ತವೆ. ಅದು ಕೆಟ್ಟು ನಿಂತರೆ ರೋಗಿಯೂ ಕಾದು ನಿಲ್ಲಬೇಕಾಗುವುದು.

ಮುಕ್ತವೆಂದರೇನು?

ತಂತ್ರಾಂಶವನ್ನು ರಚಿಸುವವರು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯುವ ಮೂಲ ಬರಹಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಮಾರಾಟದ ತಂತ್ರಾಂಶದಲ್ಲಿ ಇದನ್ನು ಸಾಮಾನ್ಯವಾಗಿ ಗುಟ್ಟಾಗಿಟ್ಟು, ಯಂತ್ರಕ್ಕೆ ಮಾತ್ರ ತಿಳಿಯುವ ರೂಪವನ್ನು ಕೊಡುತ್ತಾರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ‘ಗ್ನೂ’ ಯೋಜನೆಯನ್ನು ಘೋಷಿಸಿ, ತಂತ್ರಾಂಶವನ್ನು ಬಳಸುವ, ಓದಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂದು ಪ್ರತಿಪಾದಿಸಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಅನ್ನು ಪ್ರಕಟಿಸಿದರು. ‘ಓಪನ್ ಸೋರ್ಸ್’ ಎಂಬ ಹೆಸರು ೧೯೯೮ರಲ್ಲಿ ರೂಢಿಗೆ ಬಂದಿತು.

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳಿರುವುದರಿಂದ ಅಲ್ಲಿ ಬಹಳ ಗೊಂದಲವಾಗಿದೆ. ಕನ್ನಡದಲ್ಲಿ ಪುಕ್ಕಟೆ ಬೇರೆ, ಮುಕ್ತ ಬೇರೆ. ಮುಕ್ತ ತಂತ್ರಾಂಶವು ಬಹುಮಟ್ಟಿಗೆ ಪುಕ್ಕಟೆಯಾಗಿ ದೊರೆಯುವುದು ನಿಜ. ಆದರೆ ಅದರ ನಿಜವಾದ ಬೆಲೆಯಿರುವುದು ಓದುವ ಮತ್ತು ತಿದ್ದುವ ಹಕ್ಕಿನಲ್ಲಿ. ಈ ಭೇದವನ್ನು ಮರೆತವರು, ಹಣ ಉಳಿಯಿತೆಂಬ ಸಂತೋಷದಲ್ಲಿ, ಆ ತಂತ್ರಾಂಶವನ್ನು ನೋಡಿಕೊಳ್ಳುವವರು ಯಾರೆಂದು ಕೇಳುವುದನ್ನೂ ಮರೆಯುತ್ತಾರೆ. ಆ ಪ್ರಶ್ನೆಯೇ ಆಯ್ಕೆಯ ತಿರುಳು.

ಗಣಿಯಾರಿಯ ಆಸ್ಪತ್ರೆಯ ಉದಾಹರಣೆ

ಸರಿಯಾದ ಹುಡುಕಾಟಕ್ಕೆ ಛತ್ತೀಸಗಢದಿಂದ ಒಂದು ಉತ್ತಮ ನಿದರ್ಶನ ದೊರೆಯುತ್ತದೆ. ಬಿಲಾಸಪುರದ ಸಮೀಪದ ಗಣಿಯಾರಿ ಗ್ರಾಮದಲ್ಲಿ ‘ಜನ ಸ್ವಾಸ್ಥ್ಯ ಸಹಯೋಗ’ ಎಂಬ ಸಂಸ್ಥೆಯ ಆಸ್ಪತ್ರೆಯಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ತರಬೇತಿ ಪಡೆದ ವೈದ್ಯರು ಬಡವರಿಗಾಗಿ ಇದನ್ನು ಕಟ್ಟಿದರು. ಇಲ್ಲಿಗೆ ದೂರದ ಹಳ್ಳಿಗಳಿಂದ ಬರುವ ರೋಗಿಗಳ ದಾಖಲೆಗಳನ್ನು ಒಂದೆಡೆ ಇಡುವ ವ್ಯವಸ್ಥೆ ಬೇಕಾಗಿತ್ತು. ಪುಣೆ, ಬೆಂಗಳೂರುಗಳಲ್ಲಿಯೂ ಕಚೇರಿಗಳಿರುವ ಥಾಟ್‌ವರ್ಕ್ಸ್ ಸಂಸ್ಥೆಯ ತಂತ್ರಜ್ಞರು ಈ ಕೆಲಸವನ್ನು ಕೈಗೆತ್ತಿಕೊಂಡರು. ಹೀಗೆ ಹುಟ್ಟಿದ್ದೇ ‘ಬಾಹ್ಮಿನಿ’ ಎಂಬ ಆಸ್ಪತ್ರೆ ತಂತ್ರಾಂಶ.

ಅವರು ಎಲ್ಲವನ್ನೂ ಮೊದಲಿನಿಂದ ಬರೆಯಲು ಹೊರಡಲಿಲ್ಲವೆಂಬುದು ಗಮನಾರ್ಹ. ರೋಗಿಯ ವೈದ್ಯಕೀಯ ದಾಖಲೆಗೆ ‘ಓಪನ್‌ಎಂಆರ್‌ಎಸ್’ ಎಂಬ ಮುಕ್ತ ತಂತ್ರಾಂಶವಿತ್ತು. ೨೦೦೪ರಲ್ಲಿ ಆರಂಭವಾದ ಅದು ಆಫ್ರಿಕದ ಚಿಕಿತ್ಸಾಲಯಗಳಲ್ಲಿ ಪಳಗಿತ್ತು. ಪ್ರಯೋಗಾಲಯದ ಕೆಲಸಕ್ಕೆ ‘ಓಪನ್‌ಎಲಿಸ್’ ಇತ್ತು. ದಾಸ್ತಾನು ಮತ್ತು ಬಿಲ್ಲಿನ ಕೆಲಸಕ್ಕೆ ಬೆಲ್ಜಿಯಂ ಮೂಲದ ‘ಓಡೂ’ ಇತ್ತು. ಈ ಮೂರನ್ನೂ ಹೆಣೆದು, ವೈದ್ಯರ ಕಣ್ಣಿಗೆ ಒಂದೇ ಆಗಿ ಕಾಣುವಂತೆ ಮಾಡುವ ಭಾಗವನ್ನು ಮಾತ್ರ ಹೊಸದಾಗಿ ಬರೆದರು. ಪ್ರಯೋಗಾಲಯದಲ್ಲಿ ದಾಖಲಾದ ಫಲಿತಾಂಶವು ವೈದ್ಯರ ಮುಂದಿನ ಪರದೆಯ ಮೇಲೆ ಕಾಣಿಸುವಂತಾಯಿತು. ಬಾಹ್ಮಿನಿಯನ್ನೂ ಮುಕ್ತವಾಗಿಯೇ ಇಟ್ಟುದರಿಂದ ಅದು ನೇಪಾಳವೇ ಮೊದಲಾದ ಇತರ ದೇಶಗಳ ಆಸ್ಪತ್ರೆಗಳಿಗೂ ಹೋಯಿತು.

ಇದರಿಂದ ತಿಳಿಯುವ ಮೊದಲ ಪಾಠವಿದು: ಹುಡುಕುವ ಮುನ್ನ ಕೆಲಸವನ್ನು ಭಾಗ ಮಾಡಬೇಕು. ‘ಆಸ್ಪತ್ರೆಗೆ ಒಂದು ತಂತ್ರಾಂಶ’ ಎಂದು ಹುಡುಕಿದರೆ ದಿಕ್ಕು ತೋಚದು. ದಾಖಲೆ, ಪ್ರಯೋಗಾಲಯ, ದಾಸ್ತಾನು ಎಂದು ವಿಂಗಡಿಸಿದರೆ ಪ್ರತಿಯೊಂದಕ್ಕೂ ಪಳಗಿದ ಉಪಕರಣ ಇದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗುತ್ತದೆ. ಯಾವುದಕ್ಕೆ ಇಲ್ಲವೋ ಅದಷ್ಟನ್ನೇ ಬರೆದರೆ ಸಾಕು.

ಎಲ್ಲಿ ಹುಡುಕಬೇಕು?

ಮುಕ್ತ ತಂತ್ರಾಂಶಗಳ ಅತಿ ದೊಡ್ಡ ಉಗ್ರಾಣವು ೨೦೦೮ರಲ್ಲಿ ಆರಂಭವಾದ ‘ಗಿಟ್‌ಹಬ್’. ಆದರೆ ಸಂತೆಯಲ್ಲಿ ಒಳ್ಳೆಯ ಧಾನ್ಯವೂ ಜೊಳ್ಳೂ ಒಟ್ಟಿಗೆ ಇರುವಂತೆ, ಅಲ್ಲಿ ವಿದ್ಯಾರ್ಥಿಯೊಬ್ಬನು ಒಂದು ವಾರದಲ್ಲಿ ಬರೆದು ಬಿಟ್ಟುದೂ ಇದೆ, ಜಗತ್ತಿನ ಬ್ಯಾಂಕುಗಳು ನೆಚ್ಚಿರುವುದೂ ಇದೆ. ಆದುದರಿಂದ ಸಂಸ್ಥೆಯ ಕೆಲಸಕ್ಕೆ ಹುಡುಕುವವರು ಮೊದಲು ಪ್ರತಿಷ್ಠಾನಗಳ ಪಟ್ಟಿಯನ್ನು ನೋಡುವುದು ಲೇಸು. ೧೯೯೯ರಲ್ಲಿ ಸ್ಥಾಪಿತವಾದ ಅಪಾಚೆ ಪ್ರತಿಷ್ಠಾನ, ಲಿನಕ್ಸ್ ಪ್ರತಿಷ್ಠಾನ, ಎಕ್ಲಿಪ್ಸ್ ಪ್ರತಿಷ್ಠಾನ ಇವು ಪ್ರಮುಖವಾದವು. ಇವುಗಳ ಆಶ್ರಯದಲ್ಲಿರುವ ತಂತ್ರಾಂಶಗಳಿಗೆ ನಿಯಮಬದ್ಧವಾದ ಆಡಳಿತವಿರುತ್ತದೆ. ೧೯೯೩ರಲ್ಲಿ ಆರಂಭವಾದ ‘ಡೆಬಿಯನ್’ ಲಿನಕ್ಸಿನ ಸಂಗ್ರಹವೂ ಒಂದು ಒಳ್ಳೆಯ ಜರಡಿ. ಸ್ವಯಂಸೇವಕರು ಪರವಾನಗಿಯನ್ನು ಪರಿಶೀಲಿಸಿದ ಮೇಲೆಯೇ ಅಲ್ಲಿ ತಂತ್ರಾಂಶವನ್ನು ಸೇರಿಸುತ್ತಾರೆ.

ಸಂಸ್ಥೆಗಳ ಕೆಲಸದಲ್ಲಿ ನೆಲೆಯೂರಿದ ಕೆಲವು ಉಪಕರಣಗಳನ್ನು ಇಲ್ಲಿ ಹೆಸರಿಸಬಹುದು. ದತ್ತಾಂಶ ಸಂಗ್ರಹಕ್ಕೆ, ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ೧೯೮೬ರಲ್ಲಿ ಬೇರುಬಿಟ್ಟ ‘ಪೋಸ್ಟ್‌ಗ್ರೆಸ್’. ಬರಹದ ಆವೃತ್ತಿಗಳನ್ನು ಕಾಯಲು ಟೊರ್ವಾಲ್ಡ್ಸ್ ಅವರೇ ೨೦೦೫ರಲ್ಲಿ ರಚಿಸಿದ ‘ಗಿಟ್’. ಬರೆದುದನ್ನು ತಾನಾಗಿಯೇ ಜೋಡಿಸಿ ಪರೀಕ್ಷಿಸಲು ‘ಜೆಂಕಿನ್ಸ್’. ಬಳಕೆದಾರರ ಗುರುತನ್ನು ಪರಿಶೀಲಿಸಿ ಒಳಬಿಡಲು ‘ಕೀಕ್ಲೋಕ್’. ಅನೇಕ ಯಂತ್ರಗಳ ಮೇಲೆ ತಂತ್ರಾಂಶವನ್ನು ನಡೆಸಲು ಗೂಗಲ್ ೨೦೧೪ರಲ್ಲಿ ತೆರೆದಿಟ್ಟ ‘ಕುಬರ್ನೆಟೀಸ್’. ಲೆಕ್ಕಪತ್ರ, ದಾಸ್ತಾನು, ಸಂಬಳಗಳಿಗೆ ಮುಂಬಯಿಯಲ್ಲಿ ಹುಟ್ಟಿದ ‘ಇಆರ್‌ಪಿನೆಕ್ಸ್ಟ್’. ಚಿಕ್ಕ ಸಂಸ್ಥೆಗೆ ಇವೆಲ್ಲವೂ ಬೇಕೆಂದಿಲ್ಲ. ನಾಲ್ಕು ಹಾಸಿಗೆಯ ಶುಶ್ರೂಷಾಲಯಕ್ಕೆ ಕುಬರ್ನೆಟೀಸ್ ತರುವುದು, ಒಂದು ಸೇರು ಅಕ್ಕಿ ಬೇಯಿಸಲು ಮದುವೆಮನೆಯ ಕೊಪ್ಪರಿಗೆಯನ್ನು ಒಲೆಗೇರಿಸಿದಂತೆ.

ಮನುಷ್ಯರನ್ನು ಕೇಳಿ ತಿಳಿಯುವ ದಾರಿಯೂ ಇದೆ. ಪುಣೆಯಲ್ಲಿ ಲಿನಕ್ಸ್ ಬಳಕೆದಾರರ ಕೂಟವು ಬಹಳ ಹಿಂದೆಯೇ ಹುಟ್ಟಿತು. ಇಲ್ಲಿನ ಸಿಂಬಯಾಸಿಸ್ ಗಣಕ ಸಂಸ್ಥೆಯಲ್ಲಿ ‘ಗ್ನೂನಿಫೈ’ ಎಂಬ ಸಮ್ಮೇಳನವು ಅನೇಕ ವರ್ಷ ನಡೆಯಿತು. ಒಂದು ಉಪಕರಣವನ್ನು ಮೂರು ವರ್ಷ ಬಳಸಿದವರೊಡನೆ ಅರ್ಧ ಗಂಟೆ ಮಾತಾಡಿದರೆ, ನೂರು ಪುಟದ ಜಾಹೀರಾತಿನಲ್ಲಿ ಸಿಗದ ಸಂಗತಿ ಸಿಗುತ್ತದೆ. ಸರ್ಕಾರಿ ಕೆಲಸದಲ್ಲಿರುವವರು ತಿಳಿದಿರಬೇಕಾದ ಮತ್ತೊಂದು ವಿಷಯವಿದೆ: ಭಾರತ ಸರ್ಕಾರವು ೨೦೧೫ರಲ್ಲಿ ಪ್ರಕಟಿಸಿದ ನೀತಿಯ ಪ್ರಕಾರ ಇ-ಆಡಳಿತದ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕು.

ಕೇಳಬೇಕಾದ ಐದು ಪ್ರಶ್ನೆಗಳು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂದು ನಮ್ಮ ಗಾದೆಯು ಗೇಲಿ ಮಾಡುತ್ತದೆ. ತಂತ್ರಾಂಶದ ಮಟ್ಟಿಗೆ ಮಾತ್ರ ಮೊಳ ಹಾಕಿ ನೋಡುವುದೇ ವಿವೇಕ.

೧. ಪರವಾನಗಿ ಯಾವುದು? ಎಂಐಟಿ, ಬಿಎಸ್‌ಡಿ, ಅಪಾಚೆ ಪರವಾನಗಿಗಳು ಉದಾರವಾದವು. ಬಳಸಿದವರು ಮೂಲಕರ್ತರ ಹೆಸರನ್ನೂ ಷರತ್ತುಗಳನ್ನೂ ಉಳಿಸಿಕೊಂಡರೆ ಬಹುಮಟ್ಟಿಗೆ ಸಾಕು. ಜಿಪಿಎಲ್ ಪರವಾನಗಿಯಲ್ಲಿ, ತಿದ್ದಿದ ತಂತ್ರಾಂಶವನ್ನು ಇತರರಿಗೆ ಕೊಟ್ಟಾಗ ಅದರ ಮೂಲ ಬರಹವನ್ನೂ ಕೊಡಬೇಕಾಗುವುದು. ಸಂಸ್ಥೆಯ ಒಳಗೇ ಬಳಸಿಕೊಂಡರೆ ಈ ಹೊಣೆಯಿಲ್ಲ. ಎಜಿಪಿಎಲ್ ಇನ್ನೂ ಒಂದು ಹೆಜ್ಜೆ ಮುಂದಿದೆ: ತಿದ್ದಿದ ತಂತ್ರಾಂಶವನ್ನು ಜಾಲದ ಮೂಲಕ ಸೇವೆಯಾಗಿ ಒದಗಿಸಿದರೂ ಆ ಸೇವೆಯನ್ನು ಬಳಸುವವರಿಗೆ ಮೂಲ ಬರಹ ಸಿಗುವಂತಿರಬೇಕು. ಇದನ್ನು ಕೆಲಸ ಮುಗಿದ ಮೇಲೆ ಓದುವುದಕ್ಕಿಂತ ಆರಂಭದಲ್ಲಿ ಓದುವುದು ಕ್ಷೇಮ.

೨. ಪಾಲಕರು ಎಷ್ಟು ಮಂದಿ? ಜಾಲದ ಗುಪ್ತ ಸಂವಹನಕ್ಕೆ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿದ್ದ ‘ಓಪನ್‌ಎಸ್‌ಎಸ್‌ಎಲ್’ ತಂತ್ರಾಂಶದಲ್ಲಿ ೨೦೧೪ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷವು ಹೊರಬಿದ್ದಿತು. ಜಗತ್ತೇ ನೆಚ್ಚಿದ್ದ ಆ ತಂತ್ರಾಂಶವನ್ನು ಅಲ್ಪ ಧನಸಹಾಯದಲ್ಲಿ ಬೆರಳೆಣಿಕೆಯ ಜನರು ನೋಡಿಕೊಳ್ಳುತ್ತಿದ್ದರೆಂಬುದು ಆಗ ಎಲ್ಲರಿಗೂ ತಿಳಿಯಿತು. ಹತ್ತು ವರ್ಷಗಳ ಬಳಿಕ, ೨೦೨೪ರ ಮಾರ್ಚಿಯಲ್ಲಿ, ಕಡತಗಳನ್ನು ಸಂಕ್ಷೇಪಿಸುವ ‘ಎಕ್ಸ್‌ಝಡ್’ ಎಂಬ ಉಪಕರಣದ ಪ್ರಕರಣ ಬಯಲಾಯಿತು. ಅದನ್ನು ವರ್ಷಗಟ್ಟಲೆ ಬಹುತೇಕ ಒಬ್ಬರೇ ನೋಡಿಕೊಂಡಿದ್ದರು. ದೀರ್ಘಕಾಲದ ಮಾನಸಿಕ ಅಸ್ವಾಸ್ಥ್ಯದಿಂದ ತಮ್ಮ ಕೆಲಸ ಕುಂಠಿತವಾಗಿದೆಯೆಂದು ಅವರು ೨೦೨೨ರಲ್ಲಿಯೇ ಬಹಿರಂಗವಾಗಿ ತಿಳಿಸಿದ್ದರು. ನೆರವಿಗೆಂದು ಬಂದು ವಿಶ್ವಾಸ ಗಳಿಸಿದ ಅಪರಿಚಿತನೊಬ್ಬನು ಅದರಲ್ಲಿ ಕಳ್ಳಬಾಗಿಲನ್ನು ಅಡಗಿಸಿದನು. ಪೋಸ್ಟ್‌ಗ್ರೆಸ್ ತಂತ್ರಜ್ಞರಾದ ಆಂಡ್ರೆಸ್ ಫ್ರಾಯಿಂಡ್ ಎಂಬವರು, ದೂರದ ಯಂತ್ರವನ್ನು ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಬೆನ್ನು ಹತ್ತಿ ಇದನ್ನು ಪತ್ತೆ ಮಾಡಿದರು. ಉಪಕರಣವನ್ನು ಆರಿಸುವಾಗ, ಕಳೆದ ವರ್ಷದಲ್ಲಿ ಎಷ್ಟು ಮಂದಿ ಅದರಲ್ಲಿ ಕೆಲಸ ಮಾಡಿದ್ದಾರೆ, ದೋಷ ತಿಳಿಸಿದವರಿಗೆ ಉತ್ತರ ಬರುತ್ತಿದೆಯೇ ಎಂಬುದನ್ನು ನೋಡಬೇಕು. ಒಬ್ಬರ ಹೆಗಲ ಮೇಲೆಯೇ ಎಲ್ಲ ಭಾರವಿದ್ದರೆ ಅದು ಆ ವ್ಯಕ್ತಿಯ ಆರೋಗ್ಯಕ್ಕೂ ಬಳಸುವವರ ಕ್ಷೇಮಕ್ಕೂ ಒಳ್ಳೆಯದಲ್ಲ.

೩. ಒಡೆತನ ಯಾರದು? ಒಂದೇ ಕಂಪನಿಯ ಹಿಡಿತದಲ್ಲಿರುವ ತಂತ್ರಾಂಶದ ನಿಯಮಗಳು ಒಂದು ದಿನ ಬದಲಾಗಬಹುದು. ‘ಹ್ಯಾಶಿಕಾರ್ಪ್’ ಕಂಪನಿಯು ೨೦೨೩ರ ಆಗಸ್ಟಿನಲ್ಲಿ ‘ಟೆರಾಫಾರ್ಮ್’ನ ಮುಕ್ತ ಪರವಾನಗಿಯನ್ನು ಕೈಬಿಟ್ಟಿತು. ‘ರೆಡಿಸ್’ ೨೦೨೪ರಲ್ಲಿ ಹಾಗೆಯೇ ಮಾಡಿ, ೨೦೨೫ರಲ್ಲಿ ಎಜಿಪಿಎಲ್ ಮೂಲಕ ಮತ್ತೆ ಮುಕ್ತತೆಗೆ ಮರಳಿತು. ಮುಕ್ತ ಪರವಾನಗಿಯ ಬಲವೂ ಇಂಥ ಹೊತ್ತಿನಲ್ಲಿಯೇ ಕಾಣಿಸುವುದು. ಹಿಂದೆ ಕೊಟ್ಟ ಹಕ್ಕನ್ನು ಹಿಂತೆಗೆಯಲು ಬಾರದುದರಿಂದ, ಹಳೆಯ ಮೂಲ ಬರಹದಿಂದಲೇ ‘ಓಪನ್‌ಟೋಫು’, ‘ವಾಲ್ಕೀ’ ಎಂಬ ಕವಲುಗಳು ಲಿನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಹುಟ್ಟಿದವು. ‘ಮೈಎಸ್‌ಕ್ಯೂಎಲ್’ನ ಒಡೆತನವು ೨೦೧೦ರಲ್ಲಿ ಒರಾಕಲ್ ಕಂಪನಿಗೆ ಹೋಗುವ ಮುನ್ನವೇ ‘ಮರಿಯಾಡಿಬಿ’ ಕವಲೊಡೆದದ್ದೂ ಇದೇ ಹಕ್ಕಿನಿಂದ.

೪. ಆಯುಷ್ಯ ಎಷ್ಟು? ‘ಸೆಂಟ್‌ಓಎಸ್ ೮’ ಎಂಬ ಲಿನಕ್ಸ್ ಆವೃತ್ತಿಗೆ ೨೦೨೯ರ ವರೆಗೆ ಪಾಲನೆ ದೊರೆಯುವುದೆಂದು ಅನೇಕ ಸಂಸ್ಥೆಗಳು ನಂಬಿದ್ದವು. ೨೦೨೦ರ ಡಿಸೆಂಬರಿನಲ್ಲಿ ಬಂದ ಪ್ರಕಟಣೆಯಂತೆ ಅದು ೨೦೨೧ರ ಡಿಸೆಂಬರ್ ೩೧ಕ್ಕೇ ಮುಗಿಯಿತು. ‘ಆಲ್ಮಾಲಿನಕ್ಸ್’, ‘ರಾಕಿ ಲಿನಕ್ಸ್’ ಎಂಬ ಬದಲಿಗಳು ಬೇಗನೆ ಸಿದ್ಧವಾದವಾದರೂ, ವರ್ಗಾವಣೆಯ ಶ್ರಮ ತಪ್ಪಲಿಲ್ಲ. ಆದುದರಿಂದ ಪ್ರತಿಯೊಂದು ಉಪಕರಣದ ಪಾಲನೆಯ ಕೊನೆಯ ದಿನಾಂಕವನ್ನು ಔಷಧದ ಅವಧಿಯಂತೆ ಬರೆದಿಟ್ಟುಕೊಳ್ಳಬೇಕು.

೫. ಒಳಗೆ ಏನೇನಿದೆ? ಒಂದು ತಂತ್ರಾಂಶದೊಳಗೆ ನೂರಾರು ಚಿಕ್ಕ ತಂತ್ರಾಂಶಗಳು ಅಡಗಿರುತ್ತವೆ. ೨೦೨೧ರ ಡಿಸೆಂಬರಿನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ದಿನಚರಿ ಬರೆಯುವ ಸಣ್ಣ ಉಪಕರಣದಲ್ಲಿ ಗರಿಷ್ಠ ತೀವ್ರತೆಯ, ಅಂದರೆ ೧೦ಕ್ಕೆ ೧೦ ಅಂಕದ, ದೋಷ ಕಂಡುಬಂದಿತು. ದೋಷಕ್ಕೆ ಮದ್ದು ಬೇಗನೆ ಬಂದಿತು. ಆದರೆ ಆ ಉಪಕರಣವು ತಮ್ಮಲ್ಲಿ ಎಲ್ಲೆಲ್ಲಿ ಅಡಗಿದೆಯೆಂದು ತಿಳಿಯದೆ ಅನೇಕ ಸಂಸ್ಥೆಗಳು ಬಹುಕಾಲ ತಡಕಾಡಿದವು. ಔಷಧದ ಡಬ್ಬಿಯ ಮೇಲೆ ಘಟಕಗಳ ಪಟ್ಟಿಯಿರುವಂತೆ ತಂತ್ರಾಂಶಕ್ಕೂ ಘಟಕಗಳ ಪಟ್ಟಿಯಿರಬೇಕೆಂಬ ವಿಚಾರ ಇಂಥ ಅನುಭವಗಳಿಂದ ಬಲಗೊಂಡಿತು. ಭಾರತದ ಸರ್ಟ್-ಇನ್ ಸಂಸ್ಥೆಯು ೨೦೨೪ರಲ್ಲಿ ಇದಕ್ಕೆ ಮಾರ್ಗಸೂಚಿಯನ್ನು ಪ್ರಕಟಿಸಿದೆ.

ಕನ್ನಡವನ್ನು ಮರೆಯದಿರುವುದು

ಭಾರತದ ಸಂಸ್ಥೆಗಳು ಮೇಲಿನ ಐದರ ಜೊತೆಗೆ ಇನ್ನೊಂದನ್ನು ನೋಡಬೇಕು. ಆಯ್ದ ಉಪಕರಣವು ಯೂನಿಕೋಡ್ ಪದ್ಧತಿಯನ್ನು ಪೂರ್ತಿಯಾಗಿ ಪಾಲಿಸುತ್ತದೆಯೇ? ಕನ್ನಡದ ಒತ್ತಕ್ಷರಗಳು ಪರದೆಯ ಮೇಲೂ ಮುದ್ರಿತ ಚೀಟಿಯಲ್ಲೂ ಸರಿಯಾಗಿ ಮೂಡುತ್ತವೆಯೇ? ಹೆಸರುಗಳು ಅಕಾರಾದಿಯಾಗಿ ಜೋಡಣೆಯಾಗುತ್ತವೆಯೇ? ಔಷಧ ಸೇವನೆಯ ಸೂಚನೆಯಲ್ಲಿ ಅಕ್ಷರ ಒಡೆದು ಹೋದರೆ ಅದು ಅಂದಗೇಡಿಗೆ ಮಾತ್ರ ಸೀಮಿತವಾದ ತೊಂದರೆಯಲ್ಲ. ಭಾರತೀಯ ಲಿಪಿಗಳನ್ನು ಗಣಕಕ್ಕೆ ಒಗ್ಗಿಸಿದ ‘ಜಿಸ್ಟ್’ ತಂತ್ರಜ್ಞಾನವು ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ರೆಡ್ ಹ್ಯಾಟ್ ಸಂಸ್ಥೆಯ ಆಶ್ರಯದಲ್ಲಿ ಮುಕ್ತವಾಗಿ ಹೊರಬಂದ ‘ಲೋಹಿತ್’ ಅಕ್ಷರವಿನ್ಯಾಸಗಳಲ್ಲಿ ಕನ್ನಡವೂ ಸೇರಿದೆ. ಮುಕ್ತ ತಂತ್ರಾಂಶದಲ್ಲಿ ಕನ್ನಡದ ದೋಷ ಕಂಡರೆ ಬಲ್ಲವರು ತಾವೇ ತಿದ್ದಿ ಕಳುಹಿಸಬಹುದೆಂಬುದು ನಮಗೆ ದೊಡ್ಡ ಅನುಕೂಲ.

ಪ್ರಯೋಗ ಮತ್ತು ಖರ್ಚು

ಆಯ್ಕೆಯು ಕಾಗದದ ಮೇಲೆ ಮುಗಿಯಬಾರದು. ಎರಡು ಅಥವಾ ಮೂರು ಉಪಕರಣಗಳನ್ನು ಆರಿಸಿ, ಒಂದು ವಿಭಾಗದಲ್ಲಿ ಒಂದು ತಿಂಗಳು ನಡೆಸಿ ನೋಡಬೇಕು. ನಿಜವಾದ ರೋಗಿಗಳ ಅಥವಾ ಗ್ರಾಹಕರ ವಿವರವನ್ನು ಪ್ರಯೋಗಕ್ಕೆ ಬಳಸದೆ ಕಲ್ಪಿತ ವಿವರವನ್ನೇ ತುಂಬಬೇಕು. ಈ ಅವಧಿಯಲ್ಲಿ ಮೂರು ಕೆಲಸಗಳನ್ನು ತಪ್ಪದೆ ಮಾಡಬೇಕು. ಹಳೆಯ ಆವೃತ್ತಿಯಿಂದ ಹೊಸದಕ್ಕೆ ಏರಿಸಿ ನೋಡುವುದು. ಯಂತ್ರ ಕೆಟ್ಟಿತೆಂದು ಭಾವಿಸಿ, ಇಟ್ಟ ಪ್ರತಿಯಿಂದ ಎಲ್ಲವನ್ನೂ ಮರಳಿ ಪಡೆಯುವುದು. ದತ್ತಾಂಶವನ್ನೆಲ್ಲ ಹೊರತೆಗೆದು ಬೇರೊಂದು ಉಪಕರಣಕ್ಕೆ ಸಾಗಿಸುವುದು. ಮೂರನೆಯದು ಸಾಧ್ಯವಾಗದಿದ್ದರೆ, ಆ ಉಪಕರಣದ ಬಾಗಿಲು ಒಳಬರುವಾಗ ಮಾತ್ರ ತೆರೆದಿದೆಯೆಂದು ತಿಳಿಯಬೇಕು.

ಖರ್ಚಿನ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಬೇಕು. ದಾನವಾಗಿ ಬಂದ ಆಕಳಿಗೂ ಮೇವು ಬೇಕು. ಸಿಬ್ಬಂದಿಯ ತರಬೇತಿ, ಯಂತ್ರ, ಕಾಲಕಾಲಕ್ಕೆ ತಿದ್ದುಪಡಿ, ಅಪರಾತ್ರಿಯಲ್ಲಿ ಕೆಟ್ಟರೆ ಬರುವವರ ವೇತನ ಇವೆಲ್ಲ ಸೇರಿಯೇ ಬೆಲೆ. ಸ್ವಂತ ತಂತ್ರಜ್ಞರಿಲ್ಲದ ಸಂಸ್ಥೆಯು ಹಣ ಕೊಟ್ಟು ಬೆಂಬಲವನ್ನು ಪಡೆಯುವುದೇ ಸರಿ. ರೆಡ್ ಹ್ಯಾಟ್, ಪೋಸ್ಟ್‌ಗ್ರೆಸ್‌ಗೆ ಬೆಂಬಲ ನೀಡುವ ಎಂಟರ್‌ಪ್ರೈಸ್‌ಡಿಬಿ ಮೊದಲಾದ ಕಂಪನಿಗಳು ಪುಣೆಯಲ್ಲಿಯೂ ಕಚೇರಿಗಳನ್ನು ಹೊಂದಿವೆ. ಕೆಲವೊಮ್ಮೆ ಲೆಕ್ಕ ಹಾಕಿದಾಗ ಮಾರಾಟದ ತಂತ್ರಾಂಶವೇ ಅಗ್ಗವೆಂದು ಕಾಣಬಹುದು. ಆಗ ಅದನ್ನೇ ಕೊಳ್ಳುವುದರಲ್ಲಿ ತಪ್ಪಿಲ್ಲ. ತಿಳಿದು ಆರಿಸುವುದು ಮುಖ್ಯ.

ಬಳಸುವವರ ಹೊಣೆ

ಕನ್ನಡ ನಾಡಿನ ಊರುಗಳಲ್ಲಿ ಕೆರೆಯು ಎಲ್ಲರಿಗೂ ಸೇರಿದ್ದಾಗಿತ್ತು. ನೀರಿಗೆ ಬೆಲೆಯಿರಲಿಲ್ಲ. ಆದರೆ ಹೂಳು ತೆಗೆಯುವ, ಏರಿಯನ್ನು ಭದ್ರಪಡಿಸುವ, ತೂಬನ್ನು ನೋಡಿಕೊಳ್ಳುವ ಕೆಲಸಕ್ಕೆ ಜನ ಬೇಕಾಗಿದ್ದರು. ಆ ಕೆಲಸ ನಿಂತ ಊರುಗಳಲ್ಲಿ ಕೆರೆಗಳೂ ಬತ್ತಿದವು. ಓಪನ್‌ಎಸ್‌ಎಸ್‌ಎಲ್, ಎಕ್ಸ್‌ಝಡ್‌ಗಳ ಕಥೆಯು ಇದೇ ಜಾತಿಯದು. ಲಕ್ಷಾಂತರ ಸಂಸ್ಥೆಗಳು ನೀರೆತ್ತಿಕೊಂಡವು. ಹೂಳೆತ್ತಲು ಬಂದವರು ಕೆಲವರೇ.

ಹೊಣೆಯನ್ನರಿತವರೂ ಇದ್ದಾರೆ. ಬೆಂಗಳೂರಿನ ಜೆರೋಧಾ ಸಂಸ್ಥೆಯು ತನ್ನ ವ್ಯವಹಾರಕ್ಕೆ ಮುಕ್ತ ತಂತ್ರಾಂಶಗಳನ್ನು ಹೇರಳವಾಗಿ ಬಳಸಿಕೊಂಡು ಬೆಳೆದಿದೆ. ಅದು ೨೦೨೪ರ ಅಕ್ಟೋಬರಿನಲ್ಲಿ ಇಂಥ ತಂತ್ರಾಂಶಗಳ ಪಾಲಕರಿಗೆ ವರ್ಷಕ್ಕೆ ೧೦ ಲಕ್ಷ ಡಾಲರುಗಳ ನೆರವು ನೀಡುವ ನಿಧಿಯನ್ನು ಘೋಷಿಸಿತು. ಎಲ್ಲ ಸಂಸ್ಥೆಗಳಿಗೂ ಅಷ್ಟು ಸಾಮರ್ಥ್ಯವಿರಲಾರದು. ಕಂಡ ದೋಷವನ್ನು ಕ್ರಮವಾಗಿ ಬರೆದು ತಿಳಿಸುವುದು, ತಿದ್ದಿದ್ದನ್ನು ಮರಳಿ ಕೊಡುವುದು, ಸೂಚನಾ ಪುಸ್ತಕದ ಒಂದು ಪುಟವನ್ನು ಕನ್ನಡಕ್ಕೆ ತರುವುದು, ಸಿಬ್ಬಂದಿಗೆ ವಾರದಲ್ಲಿ ಕೆಲವು ಗಂಟೆಗಳನ್ನು ಇದಕ್ಕಾಗಿ ಬಿಟ್ಟುಕೊಡುವುದು ಇವು ಚಿಕ್ಕ ಸಂಸ್ಥೆಯೂ ಮಾಡಬಹುದಾದ ಕೆಲಸಗಳು. ಇವುಗಳಿಂದ ಸಂಸ್ಥೆಗೆ ಲಾಭವೂ ಇದೆ. ಪಾಲನೆಯಲ್ಲಿ ಭಾಗಿಯಾದವರಿಗೆ ಉಪಕರಣದ ಒಳಗು ತಿಳಿದಿರುತ್ತದೆ. ಆಪತ್ತು ಬಂದಾಗ ಅವರು ಪರರ ಮುಖ ನೋಡುತ್ತ ಕೂರಬೇಕಾಗುವುದಿಲ್ಲ.

ಒಟ್ಟಿನಲ್ಲಿ, ಕೆಲಸವನ್ನು ಭಾಗ ಮಾಡಿ, ಪಳಗಿದ ನೆಲೆಗಳಲ್ಲಿ ಹುಡುಕಿ, ಪರವಾನಗಿ, ಪಾಲಕರು, ಒಡೆತನ, ಆಯುಷ್ಯ, ಘಟಕಗಳು ಎಂಬ ಐದನ್ನು ಪರಿಶೀಲಿಸಿ, ಚಿಕ್ಕದಾಗಿ ಪ್ರಯೋಗಿಸಿ ಅನಂತರ ಸ್ವೀಕರಿಸುವುದು ಕ್ರಮವಾದ ದಾರಿ. ಹೊಸ ಉಪಕರಣವೊಂದನ್ನು ಶಿಫಾರಸು ಮಾಡುವ ತರುಣ ತಂತ್ರಜ್ಞರು ತಮ್ಮ ಟಿಪ್ಪಣಿಯಲ್ಲಿ ಅದರ ಗುಣಗಳ ಜೊತೆಗೆ ಅದರ ಪಾಲಕರ ಹೆಸರುಗಳನ್ನೂ, ತಮ್ಮ ಸಂಸ್ಥೆಯಲ್ಲಿ ಅದನ್ನು ನೋಡಿಕೊಳ್ಳುವವರ ಹೆಸರನ್ನೂ ಬರೆಯುವ ರೂಢಿಯನ್ನು ಇಟ್ಟುಕೊಂಡರೆ ಮುಂದಿನ ಅನೇಕ ತೊಂದರೆಗಳು ತಪ್ಪುವುವು.